ಹೊಳೆಗೆ ಪೈಪ್‌ಲೈನ್ ಬರುತ್ತಿದೆಯಾ? ಮೊದಲು ಮೀನಿನ ಹೆಸರು ಬರೆಸಿ

ನಮ್ಮೂರ ಹಳ್ಳಕ್ಕೆ ಪೈಪ್ ಹಾಕಲು ಬಂದಾಗ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಹುಕ್ಕೇರಿ ಕಡೆಯ ಸಣ್ಣ ಹಳ್ಳ ಅದು, ಹರಿದು ಹಿರಣ್ಯಕೇಶಿ ಹೊಳೆಗೆ ಸೇರುತ್ತದೆ. ಎರಡು ಇಟಾಚಿ ಬಂದು ದಂಡೆ ಮೇಲೆ ನಿಂತ ದಿನವೇ ನಮಗೆ ಸುದ್ದಿ ಗೊತ್ತಾಗಿದ್ದು. ಏಳೆಂಟು ಜನ ಓಡಿಹೋಗಿ "ಇಲ್ಲಿ ಅಪರೂಪದ ಮೀನು ಅದಾವ್ರೀ, ಅಗೀಬ್ಯಾಡ್ರಿ" ಅಂದೆವು. ಅಲ್ಲಿದ್ದ ಸಾಹೇಬರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಯಾವ ಮೀನ್ರೀ? ಹೆಸರೇನು?" ಅಂತ ಕೇಳಿದರು. ನಾನು ಬಾಯಿ ತೆರೆದೆ, ಮುಚ್ಚಿದೆ. "ಕಲ್ಲಿನ ಕೆಳಗ ಇರ್ತಾವಲ್ರಿ, ಮೈಮ್ಯಾಲ ಪಟ್ಟಿ ಪಟ್ಟಿ ಇರೂವು" ಅಂದ ಪಕ್ಕದವನು. ಅಷ್ಟೇ. ಸಾಹೇಬರು ಫೈಲ್ ಮುಚ್ಚಿದರು. ಸಂಜೆ ಹೊತ್ತಿಗೆ ಹಳ್ಳದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಜೂನ್ ತಿಂಗಳು ಬೇರೆ, ಮೀನು ತತ್ತಿ ಇಡುವ ಕಾಲ.

ಸಾಹೇಬರ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಕಾಗದದ ಮೇಲೆ ಇಲ್ಲದ ಮೀನು ಕಚೇರಿ ಲೆಕ್ಕದಲ್ಲಿ ಹೊಳೆಯಲ್ಲೂ ಇಲ್ಲ. ಹಾಗಾಗಿ ಇಟಾಚಿ ಬರುವ ಮುಂಚೆ ಏನು ಮಾಡಬೇಕು, ಬಂದ ಮೇಲೆ ಏನು ಕೇಳಬೇಕು ಅಂತ ಆಮೇಲೆ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದಾಭೋಲ್-ಬೆಂಗಳೂರು ಗ್ಯಾಸ್ ಪೈಪ್‌ಲೈನ್ ಬೆಳಗಾವಿ ಜಿಲ್ಲೆ ಮೂಲಕವೇ ಹೋಗಿದೆ. ನಾಳೆ ಎಣ್ಣೆಯದೂ ಬರಬಹುದು. ವಿಜಯಪುರ, ಬಾಗಲಕೋಟೆ ಕಡೆ ಏತ ನೀರಾವರಿಗೆ ಹಾಕುವ ದೊಡ್ಡ ಪೈಪಿಗೂ ಹೊಳೆ ಹಳ್ಳ ಅಗೆಯುತ್ತಾರೆ. ಅಗೆತ ಯಾವುದಾದರೂ ಮೀನಿಗೆ ಆಗುವ ತೊಂದರೆ ಹೆಚ್ಚುಕಡಿಮೆ ಒಂದೇ.

ಎಣ್ಣೆಗಿಂತ ಮೊದಲು ರಾಡಿ

ಎಣ್ಣೆ ಪೈಪ್ ಅಂದ ಕೂಡಲೇ ಎಲ್ಲರಿಗೂ ಸೋರಿಕೆಯದೇ ಭಯ. ಅಸ್ಸಾಂನ ಬಾಗ್ಜಾನ್‌ನಲ್ಲಿ 2020ರ ಮೇ ತಿಂಗಳಲ್ಲಿ ತೈಲ ಕಂಪನಿಯ ಗ್ಯಾಸ್ ಬಾವಿ ಸಿಡಿದು ಪಕ್ಕದ ಮಾಗುರಿ-ಮೊಟಾಪುಂಗ್ ಬೀಲ್ ಅನ್ನುವ ಜೌಗು ಕೆರೆಯಲ್ಲಿ ಮೀನು ಸತ್ತು ತೇಲಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ಆ ಭಯ ಸಹಜವೇ. ಆದರೆ ಹಳ್ಳದ ಮೀನಿಗೆ ಕುತ್ತು ಅದಕ್ಕೂ ಮೊದಲೇ ಬರುತ್ತದೆ, ಪೈಪಿನಲ್ಲಿ ಇನ್ನೂ ಒಂದು ಹನಿ ಎಣ್ಣೆಯೂ ಹರಿಯದಿರುವಾಗ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಎರಡು ಖಾಲಿ ನೀರಿನ ಬಾಟಲಿ ತಗೊಳ್ಳಿ. ಎರಡರಲ್ಲೂ ಹೊಳೆ ನೀರು ತುಂಬಿ. ಒಂದಕ್ಕೆ ಒಂದು ಚಮಚ ಉಸುಕು, ಇನ್ನೊಂದಕ್ಕೆ ಒಂದು ಚಮಚ ಎರೆಮಣ್ಣು ಹಾಕಿ ಚೆನ್ನಾಗಿ ಅಲ್ಲಾಡಿಸಿ ಕಿಟಕಿಯಲ್ಲಿಡಿ. ಉಸುಕು ನೀವು ನೋಡುತ್ತಿರುವಾಗಲೇ ತಳ ಸೇರುತ್ತದೆ. ನಾನು ಇಟ್ಟ ಎರೆ ಬಾಟಲಿ ಮರುದಿನ ಬೆಳಗ್ಗೆಯೂ ಪೂರ್ತಿ ತಿಳಿಯಾಗಿರಲಿಲ್ಲ, ಕಿಟಕಿ ಸರಳು ಅದರ ಮೂಲಕ ಮಸುಕಾಗಿಯೇ ಕಾಣುತ್ತಿತ್ತು. ನಿಂತ ನೀರಿನಲ್ಲೇ ಹೀಗಾದರೆ ಹರಿಯುವ ನೀರಿನಲ್ಲಿ ಆ ರಾಡಿ ಎಷ್ಟು ದೂರ ಹೋಗುತ್ತದೆ ಯೋಚಿಸಿ. ಅದು ಮೀನಿನ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಕಲ್ಲಿನ ಸಂದಿಯಲ್ಲಿರುವ ತತ್ತಿ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ದೊಡ್ಡ ಮೀನು ಈಜಿ ತಪ್ಪಿಸಿಕೊಂಡೀತು, ತತ್ತಿ ಎಲ್ಲಿಗೆ ಹೋಗಬೇಕು? ಈ ಎರಡು ಬಾಟಲಿಯನ್ನು ಗ್ರಾಮಸಭೆಗೆ ತಗೊಂಡು ಹೋಗಿ ಮೇಜಿನ ಮೇಲಿಡಿ. ಅರ್ಧ ತಾಸಿನ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಮೀನಿನ ಹೆಸರು ಹುಡುಕುವುದು

ನಮ್ಮ ಹೊಳೆಯಲ್ಲಿ ಕಾಟ್ಲಾ, ರೋಹು ಬಿಟ್ಟು ಏನಿದೆ ಅಂತ ಕೇಳುವವರಿದ್ದಾರೆ. ಆ ಎರಡೂ ನಮ್ಮ ಹೊಳೆಯವೇ ಅಲ್ಲ, ಉತ್ತರದ ನದಿಗಳಿಂದ ತಂದು ಬಿಟ್ಟವು. ನಮ್ಮವು ಬೇರೆ ಇವೆ. 1839ರಲ್ಲಿ ಸೈಕ್ಸ್ ಅನ್ನುವ ಇಂಗ್ಲಿಷ್ ಸೇನಾಧಿಕಾರಿ ದಖ್ಖನ್ನಿನ ಮೀನುಗಳ ಬಗ್ಗೆ ಬರೆದ. ಖುದ್ರಿ, ಮುಸುಲ್ಲಾ, ಸಾಂಡ್‌ಕೋಲ್ ಅಂತ ಇಲ್ಲಿನ ಜನ ಕರೆಯುತ್ತಿದ್ದ ಹೆಸರನ್ನೇ ವೈಜ್ಞಾನಿಕ ಹೆಸರಿಗೂ ಇಟ್ಟ. ಖುದ್ರಿ ಅಂದರೆ ದಖ್ಖನ್ ಮಹಶೀರ್. ಮುಸುಲ್ಲಾ ಗೂನು ಬೆನ್ನಿನ ದೊಡ್ಡ ಮೀನು. ಈ ಮುಸುಲ್ಲಾ, ಸಾಂಡ್‌ಕೋಲ್ ಜೊತೆಗೆ ಅದೇ ಸೈಕ್ಸ್ ವಿವರಿಸಿದ ಸಿಲೋನಿಯಾ ಅನ್ನುವ ದೊಡ್ಡ ಬಾಯಿಯ ಮೀನೂ ಇವತ್ತು ಅಳಿವಿನಂಚಿನ ಪಟ್ಟಿಯಲ್ಲಿದೆ. ನಮ್ಮ ಜನ ತಿನ್ನುವ ಬಾಳೆಮೀನು ಕೂಡ ಅಪಾಯದ ಪಟ್ಟಿ ಸೇರಿದೆ, ಕೇಳಿದರೆ ಯಾರೂ ನಂಬುವುದಿಲ್ಲ.

ಸಣ್ಣ ಮೀನಿನ ಕಥೆ ಇನ್ನೂ ಚೆನ್ನಾಗಿದೆ. ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ, ದೇವಸ್ಥಾನದ ಹೊಂಡದಲ್ಲಿ ಒಂದು ಪುಟ್ಟ ಮೀನು ಸಿಕ್ಕಿತು, ಬೆರಳುದ್ದವೂ ಇಲ್ಲ. ಪ್ರವೀಣ್‌ರಾಜ್ ಜಯಸಿಂಹನ್, ತೇಜಸ್ ಠಾಕ್ರೆ ಮತ್ತು ಜೊತೆಯವರು 2020ರಲ್ಲಿ ಅದಕ್ಕೆ ಸಿಸ್ಟುರಾ ಹಿರಣ್ಯಕೇಶಿ ಅಂತ ಹೆಸರಿಟ್ಟರು. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ಆ 2.11 ಹೆಕ್ಟೇರ್ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಒಂದು ವರ್ಷದಲ್ಲಿ! ಅದೇ ಹೊಳೆ ಕೆಳಗೆ ಸಂಕೇಶ್ವರ ದಾಟಿ ನಮ್ಮ ಕಡೆ ಬರುತ್ತದೆ. ನಮ್ಮ ಹಳ್ಳದ ಪಟ್ಟಿ ಮೀನಿಗೆ ಮಾತ್ರ ಹೆಸರಿರಲಿಲ್ಲ.

ಹೆಸರು ಹುಡುಕಲು ಮೊದಲು ಹಿಡಿಯುವವರ ಹತ್ತಿರ ಹೋಗಿ. ಅಂಬಿಗರ ಮನೆಯ ಹಿರಿಯರಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿಲ್ಲ. ಘಟಪ್ರಭಾ ದಂಡೆಯಲ್ಲಿ ಒಬ್ಬ ಕಾಕಾ ನನಗೆ ಕೈ ತೋರಿಸಿ ಹೇಳಿದ್ದು ಹೀಗೆ: "ತಮ್ಮಾ, ಆ ಮಡುವಿನಾಗ ಬ್ಯಾಸಗ್ಯಾಗ ಎಲ್ಲಾ ಮೀನು ಬಂದು ಕೂಡ್ತಾವು. ಮ್ಯಾಲಿನ ಕಲ್ಲಿನಾಗ ಹೊಸ ನೀರು ಬಂದಾಗ ತತ್ತಿ ಇಡ್ತಾವು. ಎರಡೂ ಜಾಗಾ ಬ್ಯಾರೆ." ಈ ಒಂದು ಮಾತಿನಲ್ಲಿ ನಿಮಗೆ ಬೇಕಾದ ನಕ್ಷೆ ಇದೆ. ಮಡು ಎಲ್ಲಿ, ಕಲ್ಲು ಗರಸಿನ ಹರಿವು ಎಲ್ಲಿ, ಯಾವ ತಿಂಗಳು. ಅವರನ್ನು ಕರೆದುಕೊಂಡು ಹೋಗಿ ಫೋನಿನಲ್ಲಿ ಆ ಜಾಗದ ಲೊಕೇಶನ್ ಹಿಡಿದಿಡಿ.

ಫೋಟೋ ತೆಗೆಯುವುದು ಒಂದು ಕಲೆಯೇ ಸರಿ. ಅಂಗೈ ಮೇಲೆ ಒದ್ದಾಡುವ ಮೀನಿನ ಫೋಟೋದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ತೆಳ್ಳನೆಯ ಚಪ್ಪಟೆ ಗಾಜಿನ ಡಬ್ಬಿಗೆ ಹೊಳೆ ನೀರು ಹಾಕಿ ಮೀನು ಬಿಡಿ. ಹಿಂದೆ ಬಿಳಿ ಕಾಗದ, ಪಕ್ಕದಲ್ಲಿ ಶಾಲೆಯ ಸ್ಕೇಲ್. ಮೀನಿನ ಎಡಮಗ್ಗುಲು ಕಾಣಬೇಕು, ರೆಕ್ಕೆ ಬಿಚ್ಚಿರಬೇಕು. ಬಾಯಿಯ ಹತ್ತಿರದ ಮೀಸೆ ಎಷ್ಟು ಜೊತೆ ಇವೆ ಅಂತ ಕಾಣುವ ಹಾಗೆ ಇನ್ನೊಂದು ಫೋಟೋ. ಎರಡು ನಿಮಿಷದಲ್ಲಿ ಮುಗಿಸಿ ಅದೇ ಜಾಗದಲ್ಲಿ ವಾಪಸ್ ಬಿಡಿ. ನಾನು ಮೊದಲ ಸಲ ಉಪ್ಪಿನಕಾಯಿ ಭರಣಿ ಬಳಸಿ ಪೇಚಿಗೆ ಸಿಕ್ಕೆ, ದುಂಡು ಗಾಜಿನಲ್ಲಿ ಎರಡಿಂಚಿನ ಮೀನು ಬಾಳೆಮೀನಿನಷ್ಟು ಕಾಣುತ್ತದೆ! ಈ ಫೋಟೋಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೋ ಮೀನುಗಾರಿಕೆ ಇಲಾಖೆಗೋ ಕಳಿಸಿ. ಉತ್ತರವನ್ನು ಫೋನಿನಲ್ಲಿ ಕೇಳಿಕೊಂಡು ಸುಮ್ನಾಗಬೇಡಿ, ಇಮೇಲ್‌ನಲ್ಲೋ ಪತ್ರದಲ್ಲೋ ತರಿಸಿಕೊಳ್ಳಿ.

ಇನ್ನು ಮುಖ್ಯವಾದ ಕಾಗದ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆದಿಡಬೇಕು. ಎಷ್ಟೋ ಕಡೆ ಸಮಿತಿಯ ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ, ಅದು ಬೇರೆ ಮಾತು. ಪಿಡಿಒ ಅವರನ್ನು ಕೇಳಿ, ದಾಖಲೆ ಪುಸ್ತಕ ತೆಗೆಸಿ, ಮೀನಿನ ಪುಟ ನೋಡಿ. ಬಹಳ ಸಲ ಅಲ್ಲಿ ಕಾಟ್ಲಾ, ರೋಹು ಅಷ್ಟೇ ಇರುತ್ತದೆ. ನಿಮ್ಮ ಫೋಟೋ, ಪತ್ರ, ಕಾಕಾ ಹೇಳಿದ ಜಾಗ, ತಿಂಗಳು ಎಲ್ಲ ಸೇರಿಸಿ ಅರ್ಜಿ ಕೊಡಿ. ಸಮಿತಿಯ ಸಭೆಯಲ್ಲಿ ಠರಾವು ಮಾಡಿಸಿ ನಕಲು ಇಸಿದುಕೊಳ್ಳಿ. ಒಂದು ಪ್ರತಿ ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಇಷ್ಟಾದ ಮೇಲೆ ಯಾರಾದರೂ "ಹೆಸರೇನು" ಅಂತ ಕೇಳಲಿ ನೋಡೋಣ.

21 ದಿನ

ಪೈಪ್‌ಲೈನಿಗೆ ಸಾರ್ವಜನಿಕ ಅಹವಾಲು ಸಭೆ ಆಗೇ ಆಗುತ್ತದೆ, ಅಲ್ಲಿ ಮಾತಾಡೋಣ ಅಂತ ಕಾಯಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಎಣ್ಣೆ, ಗ್ಯಾಸ್ ಪೈಪ್‌ಲೈನ್ ಬರುವುದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಸೂಕ್ಷ್ಮ ಪ್ರದೇಶಗಳ ಮೂಲಕ ಹಾದುಹೋದಾಗ ಮಾತ್ರ. ಅಂದರೆ ಭೀಮಗಡದಲ್ಲೋ ಘಟಪ್ರಭಾ ಪಕ್ಷಿಧಾಮದಲ್ಲೋ ಹೋದರೆ ಒಂದು ಲೆಕ್ಕ. ನಿಮ್ಮ ಊರ ಹಳ್ಳದಲ್ಲಿ ಹೋದರೆ ಸಭೆಯೂ ಇಲ್ಲ, ಅಹವಾಲೂ ಇಲ್ಲ.

ನಿಮಗೆ ಸಿಗುವ ಬಾಗಿಲು ಬೇರೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯಲ್ಲಿ ಜಮೀನು ಖರೀದಿ ಮಾಡುವುದಿಲ್ಲ, ಅದರ ಕೆಳಗೆ ಪೈಪ್ ಹಾಕುವ ಬಳಕೆ ಹಕ್ಕು ಮಾತ್ರ ಪಡೆಯುತ್ತಾರೆ. ಮೊದಲು 3ನೇ ಕಲಮಿನ ನೋಟಿಫಿಕೇಶನ್, ಅದರಲ್ಲಿ ಊರು, ಸರ್ವೆ ನಂಬರ್ ಎಲ್ಲ ಇರುತ್ತದೆ. ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರು 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಕೆಲಸಕ್ಕೆ ಸರ್ಕಾರ ನೇಮಿಸಿದ ಅಧಿಕಾರಿಗೆ, ಬರೆದು ತಕರಾರು ಕೊಡಬಹುದು. ಕೊಟ್ಟರೆ ಅವರು ಕರೆದು ಕೇಳಲೇಬೇಕು. ದಿನ ಯಾವತ್ತಿಂದ ಲೆಕ್ಕ ಅಂತ ನೋಟಿಫಿಕೇಶನ್‌ನಲ್ಲೇ ಬರೆದಿರುತ್ತದೆ, ಸರಿಯಾಗಿ ಓದಿ.

ಇಲ್ಲಿ ಒಂದು ಸಿಕ್ಕು ಇದೆ. ಹೊಳೆಯ ಪಾತ್ರ ಸರ್ಕಾರದ್ದು, ಮೀನಿನ ಹೆಸರಿಗೆ ಉತಾರ (ಪಹಣಿ) ಇಲ್ಲ. ಹಾಗಾದರೆ ಮೀನಿನ ಪರ ತಕರಾರು ಹಾಕುವವರು ಯಾರು? ಎರಡೂ ದಂಡೆಯ ಹೊಲದವರು. ಅವರ ಸರ್ವೆ ನಂಬರ್ ಪಟ್ಟಿಯಲ್ಲಿದ್ದರೆ ಅವರ ತಕರಾರಿಗೇ ತೂಕ. ಆದರೆ ಸಾಮಾನ್ಯವಾಗಿ ಅವರು ಪರಿಹಾರದ ಮೊತ್ತದ ಬಗ್ಗೆ ಮಾತ್ರ ಬರೆಯುತ್ತಾರೆ, ಕಬ್ಬು ಹೋಯಿತು, ಬಾವಿ ಹೋಯಿತು ಅಂತ. ಅದೇ ಅರ್ಜಿಯಲ್ಲಿ ಎರಡು ಪ್ಯಾರಾ ಮೀನಿನ ಬಗ್ಗೆ ಸೇರಿಸಲು ಕೇಳಿಕೊಳ್ಳಿ, ಪಂಚಾಯಿತಿ ಠರಾವಿನ ನಕಲು ಲಗತ್ತಿಸಿ. ನಮ್ಮ ಕಡೆ ಇದಕ್ಕೆ ಇಲ್ಲ ಅನ್ನುವ ರೈತರು ಕಡಿಮೆ, ಕುಂತು ಚಹಾ ಕುಡಿದು ಮಾತಾಡಿದರೆ ಸಾಕು.

ಕೆಲಸದ ವಿಧಾನ, ತಿಂಗಳು, ಗುತ್ತಿಗೆ ಷರತ್ತು ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಫೀ 10 ರೂಪಾಯಿ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ನನ್ನ ಮೊದಲ ಅರ್ಜಿ ಮೂರು ಪುಟ ಇತ್ತು. ವಾಪಸ್ ಬಂತು.

ಏನು ಕೇಳಬೇಕು

"ಪೈಪ್‌ಲೈನ್ ಬೇಡವೇ ಬೇಡ" ಅನ್ನುವುದು ನಿಮ್ಮ ಇಷ್ಟ. ನನ್ನ ಅನುಭವದಲ್ಲಿ ಮೀನು ಉಳಿಯುವುದು ಸಣ್ಣ ಸಣ್ಣ ಷರತ್ತಿನಿಂದ. ಅದರಲ್ಲಿ ಮೊದಲನೆಯದು ತಿಂಗಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹರಿಯುವ ನೀರಿನಲ್ಲಿ ಅಗೆತ ಬೇಡ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಗುತ್ತಿಗೆದಾರರು "ಹಾಗಾದರೆ ಏಪ್ರಿಲ್-ಮೇ ಒಣ ಇರ್ತದಲ್ರಿ" ಅನ್ನುತ್ತಾರೆ. ಅಲ್ಲೇ ಎಚ್ಚರ ಬೇಕು. ಬೇಸಿಗೆಯಲ್ಲಿ ಇಡೀ ಹೊಳೆಯ ಮೀನು ಎರಡು ಮೂರು ಮಡುಗಳಲ್ಲಿ ಸೇರಿರುತ್ತದೆ. ಪೈಪ್ ಆ ಮಡುವಿನ ಹತ್ತಿರ ಹೋದರೆ, ಅಥವಾ ಕೆಲಸಕ್ಕೆ ಅಂತ ಮಡುವಿನ ನೀರು ಪಂಪ್ ಮಾಡಿದರೆ, ಮಳೆಗಾಲಕ್ಕಿಂತ ಜಾಸ್ತಿ ಹಾನಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು ಅನ್ನುವುದು ನನ್ನ ಲೆಕ್ಕ. ಮಡುವಿಲ್ಲದ, ಪೂರ್ತಿ ಒಣಗುವ ಹಳ್ಳವಾದರೆ ಬೇಸಿಗೆಯೇ ಸರಿ. ಕೆನಡಾದಲ್ಲಿ ಟ್ರಾನ್ಸ್ ಮೌಂಟನ್ ಎಣ್ಣೆ ಪೈಪ್‌ಲೈನಿನವರು 2017ರಲ್ಲಿ ಇನ್ನೊಂದು ಉಪಾಯ ಮಾಡಿದ್ದರು: ಮೀನು ಬಂದು ತತ್ತಿ ಇಡದಂತೆ ಹೊಳೆಯ ತಳಕ್ಕೇ ಪ್ಲಾಸ್ಟಿಕ್ ಜಾಲರಿ ಹಾಸಿದರು. ಅನುಮತಿ ಇಲ್ಲದೆ ಮಾಡಿದ್ದಕ್ಕೆ ಅಲ್ಲಿನ ಇಂಧನ ಮಂಡಳಿ ನಿಲ್ಲಿಸಿತು. ಯಾರಿಗೆ ಯಾವ ಐಡಿಯಾ ಹೊಳೆಯುತ್ತದೋ ಹೇಳಲಾಗದು, ಬರೆದು ಕೇಳಿ.

ಎರಡನೆಯದು ವಿಧಾನ. ದೊಡ್ಡ ಹೊಳೆಯನ್ನು ಸಾಮಾನ್ಯವಾಗಿ ತಳದ ಕೆಳಗೆ ಅಡ್ಡ ಕೊರೆದು ದಾಟಿಸುತ್ತಾರೆ. ಈ ದಂಡೆಯಿಂದ ಆ ದಂಡೆಗೆ ಬಿಲ್ಲಿನ ಹಾಗೆ ರಂಧ್ರ, ಅದರಲ್ಲಿ ಪೈಪ್ ಎಳೆಯುವುದು. ಹೊಳೆ ಮುಟ್ಟುವುದೇ ಇಲ್ಲ, ಬಹಳ ಒಳ್ಳೆಯದು ಅಂತ ಹೇಳುತ್ತಾರೆ. ಅರ್ಧ ನಿಜ. ಕೊರೆಯುವಾಗ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಗಂಜಿಯನ್ನು ಒತ್ತಡದಲ್ಲಿ ಒಳಗೆ ಬಿಡುತ್ತಾರೆ. ಬೆಳಗಾವಿ, ವಿಜಯಪುರದ ಕರಿಕಲ್ಲಿನಲ್ಲಿ ಬಿರುಕು ಬಹಳ, ಮುಧೋಳ-ಲೋಕಾಪುರ ಕಡೆ ಸುಣ್ಣಕಲ್ಲು. ಬಿರುಕು ಸಿಕ್ಕರೆ ಆ ಗಂಜಿ ಹೊಳೆಯ ತಳದಲ್ಲಿ ಬುಗ್ಗೆಯ ಹಾಗೆ ಏಳುತ್ತದೆ. ವಿಷವಲ್ಲ, ಆದರೆ ತಳಕ್ಕೆ ಹೊದಿಕೆಯಂತೆ ಕೂರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2020ರ ಆಗಸ್ಟ್‌ನಲ್ಲಿ ಮಾರ್ಷ್ ಕ್ರೀಕ್ ಕೆರೆಗೆ ಹೀಗೇ ಸಾವಿರಾರು ಗ್ಯಾಲನ್ ನುಗ್ಗಿತು. ಹಾಗಾಗಿ ಕೇಳಬೇಕಾದ್ದು: ಕಲ್ಲಿನ ಪರೀಕ್ಷೆ ಮಾಡಿದ್ದೀರಾ? ಒತ್ತಡ ದಿಢೀರ್ ಇಳಿದರೆ ಮಷಿನ್ ಯಾರು ನಿಲ್ಲಿಸುತ್ತಾರೆ? ಕೊರೆಯುವಷ್ಟು ಹೊತ್ತೂ ಹೊಳೆ ನೋಡುತ್ತಾ ನಿಲ್ಲುವ ಮನುಷ್ಯ ಇದ್ದಾನಾ? ಎದ್ದ ಗಂಜಿ ಹೀರಲು ಟ್ಯಾಂಕರ್ ಜಾಗದಲ್ಲೇ ಇದೆಯಾ, ಅಥವಾ ಹುಬ್ಬಳ್ಳಿಯಿಂದ ಬರಬೇಕಾ?

ಸಣ್ಣ ಹಳ್ಳವನ್ನು ಅಗೆದೇ ದಾಟುತ್ತಾರೆ. ಅಗೆಯಲಿ, ಆದರೆ ಮೇಲೆ ಕೆಳಗೆ ಉಸುಕಿನ ಚೀಲದ ಒಡ್ಡು ಹಾಕಿ, ನೀರನ್ನು ಪೈಪಿನಲ್ಲೋ ಪಂಪಿನಲ್ಲೋ ಬದಿಯಿಂದ ದಾಟಿಸಿ, ನಡುವೆ ಒಣಗಿದ ಜಾಗದಲ್ಲಿ ಅಗೆಯಬೇಕು. ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇಲ್ಲದಿದ್ದರೆ ಮರಿಗಳೆಲ್ಲ ಒಳಗೆ ತಿರುಗುವ ಚಕ್ರದ ಪಾಲು. ಒಡ್ಡಿನ ನಡುವೆ ಸಿಕ್ಕಿಬಿದ್ದ ಮೀನನ್ನು ಬೆಳಗಿನ ತಂಪಿನಲ್ಲಿ ಹಿಡಿದು ಬಕೆಟ್‌ನಲ್ಲಿ ಮೇಲಿನ ನೀರಿಗೆ ಬಿಡಬೇಕು. ಬಕೆಟ್‌ಗೆ ಅಕ್ವೇರಿಯಂನ ಬ್ಯಾಟರಿ ಏರೇಟರ್ ಹಾಕಿ, ಒಂದೊಂದರಲ್ಲಿ ಮೀನು ಕಡಿಮೆ ಇರಲಿ. ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ವಾಪಸ್ ಬಿಡಬೇಡಿ, ಅವು ನಮ್ಮ ಮೀನಿಗೆ ಇಟಾಚಿಗಿಂತ ಕೆಟ್ಟವು. ಅಗೆಯುವ ಮೊದಲು ತಳದ ದೊಡ್ಡ ಕಲ್ಲುಗಳನ್ನು ಒಂದು ಕಡೆ, ಗರಸನ್ನು ಇನ್ನೊಂದು ಕಡೆ ತೆಗೆದಿಟ್ಟು, ಮುಚ್ಚುವಾಗ ಅದೇ ಕ್ರಮದಲ್ಲಿ ಮೇಲೆ ಹಾಕಬೇಕು. ಎರೆಮಣ್ಣಿನ ರಾಶಿ ದಂಡೆಯ ಅಂಚಿಗೆ ಬೇಡ, ದೂರ ಹಾಕಿ ಸುತ್ತ ಬಟ್ಟೆ ಬೇಲಿ ಕಟ್ಟಲಿ. ನೀರಿನಲ್ಲಿ ಮದ್ದು ಸಿಡಿಸುವುದಂತೂ ಬೇಡವೇ ಬೇಡ, ಆ ಹೊಡೆತಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಒಡೆಯುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಪೈಪ್ ಹಾಕಿದ ಮೇಲೆ ಅದರಲ್ಲಿ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಆ ನೀರು ಎಲ್ಲಿಂದ, ಆಮೇಲೆ ಎಲ್ಲಿಗೆ? ಲಕ್ಷಾಂತರ ಲೀಟರ್ ಅದು. ತುಕ್ಕು ಹಿಡಿಯದ ಹಾಗೆ, ಪಾಚಿ ಕಟ್ಟದ ಹಾಗೆ ರಾಸಾಯನಿಕ ಸೇರಿಸಿರಬಹುದು. ಒಂದು ಹೊಳೆಯಿಂದ ಎತ್ತಿ ಇನ್ನೊಂದಕ್ಕೆ ಬಿಟ್ಟರೆ ಅದರ ಜೊತೆ ಪರಕೀಯ ಮೀನಿನ ಮರಿಯೂ ಹೋಗಬಹುದು. ಹೊಂಡ ತೋಡಿ ಅಲ್ಲಿ ಬಿಟ್ಟು, ಪರೀಕ್ಷಿಸಿ, ಆಮೇಲೆ ಬಿಡಲಿ ಅಂತ ಬರೆಸಿಕೊಳ್ಳಿ.

ಕೆಲಸ ನಡೆಯುವಾಗ ನಿಮ್ಮ ಪಾಳಿ

ನೀರಿನ ರಾಡಿ ಅಳೆಯಲು ಊಟದ ಸ್ಟೀಲ್ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು, ಅಳತೆ ಗುರುತು ಮಾಡಿದ ಹಗ್ಗ, ಕೆಳಗೆ ಒಂದು ಕಲ್ಲು. ನೀರಿಗೆ ಇಳಿಬಿಟ್ಟು ಬಣ್ಣ ಕಾಣದಾಗುವ ಆಳ ಬರೆದುಕೊಳ್ಳಿ. ಕೆಲಸ ಶುರುವಾಗುವ ಎರಡು ವಾರ ಮೊದಲಿಂದಲೇ ಅಳೆಯಬೇಕು. ಕೆಲಸದ ಜಾಗಕ್ಕಿಂತ ಮೇಲೊಂದು ಕಡೆ, ಕೆಳಗೊಂದು ಕಡೆ, ಒಂದೇ ಹೊತ್ತಿನಲ್ಲಿ. ಮೇಲಿನ ಅಳತೆ ಇಲ್ಲದಿದ್ದರೆ "ರಾಡಿ ಮ್ಯಾಲಿಂದನ ಬಂದದ್ರಿ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಪ್ರತಿ ಅಳತೆಗೂ ಹಗ್ಗ, ತಟ್ಟೆ ಕಾಣುವ ಫೋಟೋ ಇರಲಿ, ತಾರೀಕು ಸಮೇತ.

ನೀರು ಕೆಟ್ಟರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ ಅವತ್ತೇ ಬರೆಯಿರಿ, 1974ರ ಜಲ ಕಾಯ್ದೆಯ 24ನೇ ಕಲಂ ಅಂತ ಹೇಳಿ. ನಕಲು ಜಿಲ್ಲಾಧಿಕಾರಿಗೆ, ಮೀನುಗಾರಿಕೆ ಇಲಾಖೆಗೆ. ನೀವು ಬಾಟಲಿಯಲ್ಲಿ ಹಿಡಿದ ನೀರು ಕೋರ್ಟಿನಲ್ಲಿ ಮಂಡಳಿಯ ಮಾದರಿಯಷ್ಟು ನಿಲ್ಲುವುದಿಲ್ಲ, ಅವರೇ ಬಂದು ನಿಯಮದ ಪ್ರಕಾರ ಸೀಲ್ ಮಾಡಿ ತೆಗೆಯಬೇಕು. ಅದಕ್ಕೇ ಬೇಗ ಕರೆಯಬೇಕಾದ್ದು. ಸತ್ತ ಮೀನನ್ನು ಮಂಜುಗಡ್ಡೆಯಲ್ಲಿಡಿ. ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ನಮಗೆ ಚೆನ್ನೈ ಪೀಠ, ಸಾಮಾನ್ಯವಾಗಿ ಘಟನೆಯಿಂದ 6 ತಿಂಗಳೊಳಗೆ. ವಕೀಲರನ್ನು ಐದನೇ ತಿಂಗಳಲ್ಲಿ ಹುಡುಕಬೇಡಿ.

ಮುಂದೆ ಎಂದಾದರೂ ನೀರಿನ ಮೇಲೆ ಕಾಮನಬಿಲ್ಲಿನಂಥ ಪೊರೆ ಕಂಡರೆ, ಎಣ್ಣೆ ವಾಸನೆ ಬಂದರೆ, ಪೈಪ್ ಗುರುತಿನ ಕಂಬದ ಮೇಲಿರುವ ನಂಬರಿಗೂ 112ಕ್ಕೂ ಫೋನ್ ಮಾಡಿ ದೂರ ಸರಿಯಿರಿ. ದನ ನೀರಿಗೆ ಬಿಡಬೇಡಿ. ಸೋಪಿನ ಪುಡಿ ಹಾಕಿ ಎಣ್ಣೆ ತೊಳೆಯುವ ಜಾಣರು ಎಲ್ಲ ಊರಲ್ಲೂ ಇರುತ್ತಾರೆ, ತಡೆಯಿರಿ. ಎಣ್ಣೆಗೆ ಬದುಕಿದ ಮೀನು ಸೋಪಿಗೆ ಸಾಯುತ್ತದೆ.

ಕೆಲಸ ಮುಗಿದು ಗುತ್ತಿಗೆದಾರರು ಹೋದ ಮೇಲೆ, ಮೊದಲ ಮಳೆಗಾಲ ಕಳೆದು ನೀರು ಇಳಿದಾಗ ಮತ್ತೆ ಹೋಗಿ. ಅಗೆದು ಮುಚ್ಚಿದ ಜಾಗದಲ್ಲಿ ಒಂದು ಕಲ್ಲು ಎತ್ತಿ, ಅದರ ಕೆಳಗೆ ಕೈ ಹಾಕಿ. ಬೆರಳಿಗೆ ಗರಸು ಸಿಕ್ಕರೆ ಸರಿ. ಜಾರುವ ಎರೆ ಸಿಕ್ಕರೆ ಫೋಟೋ ತೆಗೆದು ಪಂಚಾಯಿತಿ ದಾಖಲೆಯ ಅದೇ ಪುಟಕ್ಕೆ ಸೇರಿಸಿ, ಮುಚ್ಚಿದ್ದು ಸರಿಯಿಲ್ಲ ಅಂತ ಮತ್ತೊಂದು ಅರ್ಜಿ ಕೊಡಿ. ನಮ್ಮ ಹಳ್ಳದಲ್ಲಿ ನಾನು ಎತ್ತಿದ ಮೊದಲ ಆರು ಕಲ್ಲಿನ ಕೆಳಗೆ ಎರೆಯೇ ಇತ್ತು. ಏಳನೆಯದರ ಕೆಳಗಿಂದ ಪಟ್ಟಿ ಪಟ್ಟಿಯ ಮರಿಯೊಂದು ಪುಳಕ್ಕನೆ ಹೊರಗೆ ಬಂತು. ಗಾಜಿನ ಡಬ್ಬಿ ಮನೆಯಲ್ಲೇ ಬಿಟ್ಟುಬಂದಿದ್ದೆ.